ದೊಡ್ಡತೋಗೂರಿನ ಆರು ಗಂಟೆಯ ದನಿ

ಮೆಟ್ರೋ ಕಾರ್ಡು ಗೇಟಿನಲ್ಲಿ ಕೈಕೊಡಬಹುದಿತ್ತು. ಎರಡು ನಿಲ್ದಾಣಗಳ ನಡುವೆ ರೈಲು ನಿಂತು, ಅಂತರಿಕ್ಷದಲ್ಲಿ ಕೂತಲ್ಲೇ ನನ್ನ ಬಿ.ಪಿ. ಮಾತ್ರೆಯ ಹೊತ್ತು ಮೀರಬಹುದಿತ್ತು. ಮೆಜೆಸ್ಟಿಕ್ಕಿನ ನೂಕಿನಲ್ಲಿ ಕೈಯಲ್ಲಿದ್ದ ಬೆಣ್ಣೆ ಬಿಸ್ಕತ್ತು ಪುಡಿಯಾಗಬಹುದಿತ್ತು. ಹೊಸೂರು ರಸ್ತೆಯಲ್ಲಿ ಮಳೆ ಹಿಡಿದುಕೊಳ್ಳಬಹುದಿತ್ತು. ಆಟೋದವನು ದೊಡ್ಡತೋಗೂರಿನ ಬದಲು ಚಿಕ್ಕತೋಗೂರಿಗೆ ಒಯ್ದು ಇಳಿಸಬಹುದಿತ್ತು. ಅಲ್ಲಿ ನಾಯಿ ಕಚ್ಚಬಹುದಿತ್ತು. ವಿಳಾಸದ ಮನೆಯಲ್ಲಿ ಬೇರೆ ಯಾರೋ ಎಸ್ತರಮ್ಮ ಇರಬಹುದಿತ್ತು. ಸರಿಯಾದ ಎಸ್ತರಮ್ಮನೇ ಸಿಕ್ಕಿ, ಕಾಯಿಲೆ ಬಿದ್ದು ಹಾಸಿಗೆ ಹಿಡಿದಿರಬಹುದಿತ್ತು. ಇನ್ನೂ ಕೆಟ್ಟದ್ದೆಂದರೆ, ಗಟ್ಟಿಮುಟ್ಟಾಗಿಯೇ ಇದ್ದು, ನನ್ನ ಕಾಟ ತಾಳಲಾರದೆ ಹೆಸರು ತೆಗೆಸಿರಬಹುದಿತ್ತು.

ಈ ಕೊನೆಯ ಸಂಶಯ ಎಷ್ಟು ಬಲವಾಗಿತ್ತೆಂದರೆ, ಮೆಟ್ರೋ ನಿಲ್ದಾಣದ ಮೆಟ್ಟಿಲ ಬುಡದಿಂದ ಎರಡು ಸಲ ಮನೆಯ ಕಡೆಗೆ ತಿರುಗಿದೆ. ಮೂರನೆಯ ಸಲ ಹತ್ತಿಬಿಟ್ಟೆ.

ವಿಷಯ ಇಷ್ಟು. ಲಾಕ್‌ಡೌನಿನ ಕಾಲದಲ್ಲಿ ಟಿ. ದಾಸರಹಳ್ಳಿಯ ನಮ್ಮ ಚರ್ಚಿನ ಸಭೆಯೂ ಹೊಸೂರು ರಸ್ತೆಯ ಕಡೆಯ ಒಂದು ಚಿಕ್ಕ ಸಭೆಯೂ ಸೇರಿ ಸರಪಳಿ ಪ್ರಾರ್ಥನೆ ಶುರುಮಾಡಿದ್ದವು. ಪ್ರತಿ ಶುಕ್ರವಾರ ಇಡೀ ದಿನವನ್ನು ಗಂಟೆಗಂಟೆಯಾಗಿ ಹಂಚಿಕೊಳ್ಳುತ್ತೇವೆ. ತನ್ನ ಗಂಟೆ ಪ್ರಾರ್ಥಿಸಿದವರು ಮುಂದಿನವರಿಗೆ ಫೋನ್ ಮಾಡಿ ‘ನನ್ನದು ಮುಗೀತು, ಇನ್ನು ನಿಮ್ಮದು’ ಎನ್ನಬೇಕು. ಅವರು ‘ಸ್ತೋತ್ರ’ ಎಂದರೆ ಕೊಂಡಿ ಕೂಡಿದಂತೆ. ರೋಗ ಹೋಯಿತು, ಸರಪಳಿ ಉಳಿಯಿತು. ಬೆಳಗಿನ ಐದರಿಂದ ಆರು ನನ್ನದು. ಆರರಿಂದ ಏಳು ದೊಡ್ಡತೋಗೂರಿನ ಎಸ್ತರಮ್ಮನವರದು. ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ಹೆಂಡತಿ ವಿಮಲಾ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ನಾನು ಮಾಡುವ ಕೆಲಸ ಬೇರೆಯವರು ಕಡೆದ ಬಿಡಿಭಾಗಗಳನ್ನು ಅಳೆದು ತಪ್ಪು ಹುಡುಕುವುದು. ಅದೇ ಅಭ್ಯಾಸ ಮನೆಗೂ ಬರುತ್ತದೆ. ವಿಮಲಾ ಇದ್ದಾಗ ನನ್ನ ಚಿಂತೆಗಳನ್ನು ಅವಳು ನಗುತ್ತಾ ಅರ್ಧಕ್ಕರ್ಧ ತಿರಸ್ಕರಿಸುತ್ತಿದ್ದಳು. ಅವಳು ಹೋದ ಮೇಲೆ ಎಲ್ಲ ಚಿಂತೆಗಳೂ ಪಾಸಾಗತೊಡಗಿದವು. ಆರಾಧನೆ ಮುಗಿದ ಮೇಲೆ ಜನ ‘ಹೇಗಿದೀರ ಬ್ರದರ್’ ಎಂದರೆ ‘ಚೆನ್ನಾಗಿದೀನಿ’ ಎಂದು ಚಪ್ಪಲಿ ಹುಡುಕುತ್ತಿದ್ದೆ. ಆದರೆ ಹೋದ ವರ್ಷ ಒಂದು ಶುಕ್ರವಾರ ಆರು ಗಂಟೆಗೆ, ಏಕೋ ಏನೋ, ಎಸ್ತರಮ್ಮನ ಹತ್ತಿರ ಬಾಯಿ ಬಿಟ್ಟೆ. ನಿದ್ದೆ ಬರ್ತಿಲ್ಲ ಎಂದೆ. ಮುಂದಿನ ವಾರ, ಮನೆ ಓನರ್ ಖಾಲಿ ಮಾಡಿಸ್ತಾನೇನೋ ಎಂದೆ. ಅದರ ಮುಂದಿನ ವಾರ, ಎದೆಯಲ್ಲಿ ಏನೋ ಚುಚ್ಚುತ್ತೆ, ಗ್ಯಾಸೋ ಸಾವೋ ಗೊತ್ತಾಗ್ತಿಲ್ಲ ಎಂದೆ. ಆ ಕಡೆಯಿಂದ ಯಾವಾಗಲೂ ಒಂದೇ ಉತ್ತರ: “ಸ್ತೋತ್ರ. ಆಯ್ತು ಬಿಡಪ್ಪ, ಕರ್ತ ನೋಡ್ಕೊತಾನೆ. ಹೋಗಿ ತಿಂಡಿ ತಿನ್ನು.”

ಪ್ರತಿ ಚಿಂತೆಗೂ ಈ ಉತ್ತರ ಅಳತೆಗೆ ಸರಿಯಾಗಿ ಕೂರುತ್ತಿತ್ತು. ನಾನು ಹೋಗಿ ತಿಂಡಿ ತಿನ್ನುತ್ತಿದ್ದೆ. ಆ ಒಂದು ಉತ್ತರದ ಬಲದಿಂದ ಗುರುವಾರದವರೆಗೂ ದಿನ ದೂಡುತ್ತಿದ್ದೆ.

ಹೀಗಿರುವಾಗ ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಕರೆದು, “ಎಸ್ತರಮ್ಮ ಸರಪಳಿ ಬಿಡ್ತಾರಂತೆ, ಮೆಸೇಜ್ ಕಳಿಸಿದಾರೆ. ಕಾರಣ ಹೇಳಿಲ್ಲ. ನಿಮಗೆ ಬೇರೆಯವರ ನಂಬರ್ ಕೊಡ್ತೀನಿ” ಎಂದರು. ಬೇರೆ ನಂಬರಿನ ಬದಲು ನಾನು ವಿಳಾಸ ಕೇಳಿದೆ.

ಭಾನುವಾರ ಮೊದಲ ಆರಾಧನೆ ಮುಗಿಸಿ ಹೊರಟೆ. ದಾಸರಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು ಮೂವತ್ತೈದು ಕಿಲೋಮೀಟರು. ಊರನ್ನು ತಲೆಯಿಂದ ಕಾಲಿನವರೆಗೆ ಅಳೆದ ಹಾಗೆ. ಮೆಟ್ರೋದಲ್ಲಿ ತೊಂಬತ್ತು ರೂಪಾಯಿ. ಕಾರ್ಡು ಇಟ್ಟ ಮೊದಲ ಸಲಕ್ಕೇ ಗೇಟು ತೆರೆಯಿತು. ಪೀಣ್ಯದ ಶೀಟು ಚಾವಣಿಗಳು ಭಾನುವಾರದ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ಮೆಜೆಸ್ಟಿಕ್ಕಿನಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ಕೂಸಿನ ಹಾಗೆ ಎದೆಗೆ ಒತ್ತಿಕೊಂಡೆ.

ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಬೇಕು. ಅಲ್ಲಿ ರೈಲು ಕಾಯಿಸಿಯೇ ಬರುತ್ತದೆ. ಪಕ್ಕದಲ್ಲಿ ಹಣೆಗೆ ವಿಭೂತಿ ಹಚ್ಚಿದ, ನನ್ನ ವಯಸ್ಸಿನವರೊಬ್ಬರು ಕೂತಿದ್ದರು. ಹಾವೇರಿ ಕಡೆಯವರು, ಈಗ ಸಿಂಗಸಂದ್ರದಲ್ಲಿ ಫ್ಲ್ಯಾಟು.

“ರವಿವಾರ ಯಾರ್ರೀ ಎಲೆಕ್ಟ್ರಾನಿಕ್ ಸಿಟಿಗೆ ಹೊಂಟೋರು? ವಾರೆಲ್ಲಾ ಅಲ್ಲಿಂದ ಪಾರಾಗೋದ ಹ್ಯಾಂಗ ಅಂತ ನೋಡ್ತಿರ್ತೀವಿ ನಾವು. ಬೀಗರೇನು?”

“ಅಲ್ಲ. ಒಬ್ಬರು ಹಿರಿಯರು. ಫೋನಿನಲ್ಲಿ ಪರಿಚಯ. ನೋಡಿಲ್ಲ.”

ಅವರು ಸರಿದು ಕೂತು ನನ್ನನ್ನು ಪೂರ್ತಿ ನೋಡಿದರು. “ನೋಡಿಲ್ಲ? ಹೆಣ್ಣುಮಕ್ಕಳೇನ್ರಿ?”

“ಹೌದು.”

“ಓಟಿಪಿ ಗೀಟಿಪಿ ಕೊಟ್ಟೀರೇನು?”

ಇಲ್ಲವೆಂದೆ. “ಕೊಡಬ್ಯಾಡ್ರಿ” ಎಂದು ತೊಡೆ ತಟ್ಟಿದರು. ಇಷ್ಟು ಚಿಂತಿಸುವ ನನಗೂ ಹೊಳೆಯದಿದ್ದ ಒಂದು ಅಪಾಯವನ್ನು ಬಿಟ್ಟಿಯಾಗಿ ಸೇರಿಸಿಕೊಟ್ಟರು ಪುಣ್ಯಾತ್ಮರು. ಪ್ರಾರ್ಥನೆಯ ವಿಷಯ ಹೇಳಿದ ಮೇಲೆ ಮಾತ್ರ ಮೆತ್ತಗಾದರು. “ಹಂಗಾರ ಹೋಗ್ರಿ. ಮುಂಜಾನೆ ಎದ್ದು ನಮ್ಮನ್ನ ಮಾತಾಡಿಸೋರು ಒಬ್ಬರು ಬೇಕಲ್ರೀ.” ಸಿಂಗಸಂದ್ರದಲ್ಲಿ ಇಳಿಯುವಾಗ ಇನ್ನೊಮ್ಮೆ ‘ಓಟಿಪಿ’ ಎಂದು ಬೆರಳಾಡಿಸಿದರು.

ಅದಕ್ಕೂ ಮುಂಚೆ, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ, ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದರ ಮೇಲೆ ನಾವು. ಮೂರನೆಯ ಮಹಡಿಯ ರಸ್ತೆಯಲ್ಲಿ ಹೋಗುವ ಭಾಗ್ಯ ಇದ್ದರೂ ನಾನು ಕಂಬಗಳ ಸಿಮೆಂಟು ನೋಡುತ್ತಿದ್ದೆ. ಎಲ್ಲವೂ ಅಳತೆಯಲ್ಲೇ ಇತ್ತು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೋಡವಿತ್ತು, ಮಳೆ ಇರಲಿಲ್ಲ. ಆಟೋದವನು ನೂರು ಕೇಳಿದ, ಎಂಬತ್ತಕ್ಕೆ ಬಂದ, ದೊಡ್ಡತೋಗೂರಿಗೇ ಒಯ್ದ. ಗಾಜಿನ ಕಟ್ಟಡಗಳ ಬೆನ್ನಿಗೇ ಊರು. ಹೊಲ ಇದ್ದ ಕಡೆಯೆಲ್ಲ ಐದಂತಸ್ತಿನ ಪೀಜಿ ಹಾಸ್ಟೆಲುಗಳು, ಪ್ರತಿ ಬಾಲ್ಕನಿಯಲ್ಲೂ ಒಣಗುವ ಬಟ್ಟೆ. ಒಂದರ ಮುಂದೆ ಪಂಚೆ ಉಟ್ಟ ಯಜಮಾನರು ಕುರ್ಚಿ ಹಾಕಿಕೊಂಡು ಹಸುವಿಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸುತ್ತಿದ್ದರು. ಕಟ್ಟಡವೂ ಅವರದೇ, ಹಸುವೂ ಅವರದೇ.

“ಎಸ್ತರಮ್ಮನಾ? ನಮ್ ಕಟ್ಟಡದಾಗೇ ಮೆಸ್ಸು ನಡ್ಸದು. ಇಂಗೆ ಒಳಿಕ್ಕೋಗಿ ಸಾಮಿ. ಬೆಲ್ ಒತ್ತಿ ನಿಂತ್ಕಂಡ್ರೆ ಸಂಜೆಗಂಟ ನಿಂತಿರ್ತೀರ.”

“ಯಾಕೆ, ಹುಷಾರಿಲ್ವಾ?” ಎಂದೆ.

“ಉಷಾರಿಗೇನು, ಉಲಿ ಇದ್ದಂಗವ್ಳೆ! ನಮ್ಮನೇಲಿ ಯಾರ್ಗನಾ ಜರ ಬಂದ್ರೆ ನಮ್ಮೆಂಗಸ್ರು ದೇವ್ರಿಗೂ ಕಾಯಿ ಒಡೀತಾರೆ, ಆಯಮ್ಮಂಗೂ ಒಂದ್ ಮಾತು ಏಳ್ತಾರೆ. ಕಿವಿ ಒಂದು ಕೈಕೊಟ್ಟದೆ, ಅಷ್ಟೇಯ.”

ಆ ಮಾತು ತಲೆಗೆ ಇಳಿಯುವ ಮುಂಚೆಯೇ ಒಳಗೆ ಬಂದುಬಿಟ್ಟಿದ್ದೆ. ಉದ್ದ ಮೇಜುಗಳಲ್ಲಿ ಹದಿನೈದಿಪ್ಪತ್ತು ಹುಡುಗ ಹುಡುಗಿಯರು ಚಡ್ಡಿ, ನೈಟ್ ಪ್ಯಾಂಟಿನಲ್ಲಿ ಕೂತು ಕೋಳಿ ಸಾರು ಅನ್ನ ತಿನ್ನುತ್ತಿದ್ದರು. ಫೋನಿನ ದನಿಯ ಮೇಲೆ ನಾನು ಕಟ್ಟಿಕೊಂಡಿದ್ದ ಎಸ್ತರಮ್ಮ ಆರಡಿ ಇದ್ದರು. ಒಲೆಯ ಹತ್ತಿರ ಸೌಟು ಹಿಡಿದು ನಿಂತಿದ್ದವರು ನನ್ನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಅರವತ್ತು ದಾಟಿದ ವಯಸ್ಸು, ಹತ್ತಿಯ ಸೀರೆ, ಸೆರಗಿಗೆ ಪಿನ್ನು. ಹತ್ತಿರ ಹೋಗಿ, “ನಾನು ಐದು ಗಂಟೆಯವನು, ದಾಸರಹಳ್ಳಿ” ಎಂದೆ. ಅವರು ನನ್ನ ತುಟಿಗಳನ್ನೇ ನೋಡಿದರು.

“ದಾಸರಹಳ್ಳಿನಾ! ಎಷ್ಟು ಸಣ್ಣಕ್ಕಿದೀಯೋ! ನಿನ್ ದನಿಗೆ ಪೊಲೀಸು ಅಂದ್ಕೊಂಡಿದ್ದೆ. ಕೂತ್ಕೋ, ಊಟ ಮಾಡು.”

ಕೂತೆ. ಸಾರು ಖಾರವಾಗಿತ್ತು, ರುಚಿಯಾಗಿತ್ತು. ಎದುರಿಗೆ ಕೂತು ಅವರು ತಾವಾಗಿಯೇ ಹೇಳಿಬಿಟ್ಟರು. ಒಂದು ವರ್ಷದಿಂದ ಫೋನಿನಲ್ಲಿ ಗುಂಯ್ ಎನ್ನುವುದೊಂದು ಬಿಟ್ಟು ಏನೂ ಕೇಳುತ್ತಿಲ್ಲ. ಆರು ಗಂಟೆಗೆ ಸದ್ದಾದರೆ ನಾನೇ ಎಂದು ಗೊತ್ತು. ಆ ಗುಂಯ್ ನಿಂತ ಕೂಡಲೇ ‘ಸ್ತೋತ್ರ’ ಎನ್ನುವುದು. ಆದರೆ ಈಚೆಗೆ ಫೋನು ಹೊಡೆದದ್ದೂ ಕೇಳುವುದಿಲ್ಲ. ಕಳೆದ ತಿಂಗಳ ಒಂದು ಶುಕ್ರವಾರ ನನ್ನ ಕರೆ ತಿಳಿಯದೆ ಅವರ ಗಂಟೆಯೇ ಖಾಲಿ ಹೋಯಿತು. ಆ ದಿನ ಅವರು ಫೋನು ಎತ್ತದೇ ಇದ್ದದ್ದು ನನ್ನ ಕಾಟ ತಾಳದೆ ಎಂದುಕೊಂಡಿದ್ದೆ ನಾನು.

“ಬೆಳಗಾಗೆದ್ದು ಅಷ್ಟು ಜನ ಒಬ್ರ ಕೈಗೊಬ್ರು ಕೊಡ್ಕೊಂಡು ಬಂದಿದ್ದು ನನ್ ಕೈಲಿ ಬಿದ್ಹೋಯ್ತು ಕಣಪ್ಪ. ಹುಡುಗ್ರು ಒಲೆ ಆರ್ಸಿದ್ರೆ ಬೈತೀನಿ, ನಾನೇ ಆರ್ಸ್ದೆ. ಅದಕ್ಕೇ ಬಿಟ್ಟೆ.”

“ಅಯ್ಯನವರಿಗೆ ಹೇಳಬಹುದಿತ್ತಲ್ಲ? ಕಿವಿಗೆ ಮಿಷನ್ ಹಾಕಿಸ್ಕೊಬಹುದಿತ್ತು!”

“ಹಾಕಿಸ್ದೆ. ಕುಕ್ಕರ್ ಸೀಟಿ ತಲೆ ಒಳಗೇ ಹೊಡೀತದೆ. ತೆಗ್ದಿಟ್ಟೆ. ಇನ್ನು ಕಿವುಡಿ ಅಂತ ಗೊತ್ತಾದ್ರೆ ಎಲ್ರೂ ‘ಪಾಪ’ ಅಂತಾರೆ. ಪಾಪ ಅನ್ನಿಸ್ಕೊಳಕ್ಕೆ ನಂಗೆ ಟೈಮಿಲ್ಲ.”

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ. ಹಾಗಾದರೆ ನನ್ನ ನಿದ್ದೆ, ನನ್ನ ಓನರು, ಗ್ಯಾಸೋ ಸಾವೋ, ಒಂದಾದರೂ ಈ ತಾಯಿಗೆ ಕೇಳಿಲ್ಲ. “ನಾನು ಏನು ಹೇಳ್ತಿದ್ದೆ ಅಂತ ಗೊತ್ತಾ?”

“ಎಲ್ಲಿಂದ ಗೊತ್ತಾಗ್ಬೇಕು? ‘ಮುಗೀತು’ ಅನ್ನಕ್ಕೆ ಇಷ್ಟುದ್ದ ಮಾತಾಡ್ತಾನಲ್ಲ, ಭಾರೀ ಭಕ್ತ ಅಂದ್ಕೊತಿದ್ದೆ.”

ನಗು ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಒಂದು ವರ್ಷ ನಾನು ಕೇಳಿಸದ ಕಿವಿಗೆ ಭಾರ ಇಳಿಸಿದ್ದೆ. ಆದರೆ ಭಾರ ಇಳಿದದ್ದು ಸುಳ್ಳಲ್ಲ. ಅಳೆಯುವುದು ನನ್ನ ಕಸುಬು. ಕಳೆದ ವರ್ಷದ ನಾನೂ ಈ ವರ್ಷದ ನಾನೂ ಒಂದೇ ಅಳತೆಯಲ್ಲಿಲ್ಲ, ಇದು ನನಗೆ ಗೊತ್ತು. ಎಸ್ತರಮ್ಮ ಕೇಳಿರದಿದ್ದರೂ ಕೇಳಿದವರು ಇನ್ನೊಬ್ಬರು ಇದ್ದರು. ಜೀವಮಾನವಿಡೀ ಆರಾಧನೆಯಲ್ಲಿ ನಂಬಿಕೆಯ ಪ್ರಮಾಣವೆಂದು ಬಾಯಿಪಾಠ ಹೇಳುತ್ತಾ ಬಂದದ್ದು, ದೊಡ್ಡತೋಗೂರಿನ ಮೆಸ್ಸಿನಲ್ಲಿ, ಕೋಳಿ ಸಾರಿನ ಮುಂದೆ, ಮೊದಲ ಸಲ ನನ್ನ ಸ್ವಂತದ್ದಾಯಿತು.

ಆದರೂ ನನಗೆ ಎಸ್ತರಮ್ಮನೂ ಬೇಕಿತ್ತು. “ನೀವು ಬಿಡಬೇಡಿ” ಎಂದೆ. ಅವರು ಆ ಹೊತ್ತಿಗೆ ಯಾರಿಗೋ ಸಾರು ಬಡಿಸಲು ಎದ್ದು ಬೆನ್ನು ತಿರುಗಿಸಿದ್ದರು. ಗಟ್ಟಿಯಾಗಿ ಹೇಳಿದೆ. ತಿರುಗಲಿಲ್ಲ. ಎದ್ದು ನಿಂತು, ಪೀಣ್ಯದಲ್ಲಿ ಪ್ರೆಸ್ಸಿನ ಸದ್ದಿನ ಮೇಲೆ ಕೂಗುವ ದನಿಯಲ್ಲಿ ಕೂಗಿದೆ:

“ನನಗೆ ಬೇರೆ ನಂಬರ್ ಬೇಡ ಎಸ್ತರಮ್ಮ! ಶುಕ್ರವಾರ ನಿಮ್ಮ ದನಿ ಕೇಳದೆ ಇದ್ರೆ ನನ್ನ ವಾರವೇ ಶುರುವಾಗಲ್ಲ! ಮನೇಲಿ ನಾನೊಬ್ಬನೇ!”

ಹುಡುಗರೆಲ್ಲ ತಟ್ಟೆ ಬಿಟ್ಟು ನನ್ನ ಕಡೆ ತಿರುಗಿದರು. ಮೂಲೆಯಿಂದ ಒಬ್ಬ, “ಅಂಕಲ್, ಸಕ್ಕತ್ ಪ್ರಪೋಸಲ್!” ಎಂದ. ಪಕ್ಕದ ಹುಡುಗಿ, “ಸುಮ್ನಿರೋ ಮಗಾ, ಅವ್ರು ಸೀರಿಯಸ್ಸು” ಎಂದು ಅವನ ತಲೆಗೆ ಮೊಟಕಿದಳು.

ಎಸ್ತರಮ್ಮ ಸೌಟು ಕೆಳಗಿಟ್ಟು ಬಂದರು. “ಒಬ್ನೇನಾ?” ಎಂದರು. ವಿಮಲಾಳ ವಿಷಯ ಹೇಳಿದೆ, ಈ ಸಲ ಮುಖ ನೋಡಿ, ನಿಧಾನವಾಗಿ. “ನನ್ನ ಗಂಟೆಯಲ್ಲಿ ಅರ್ಧ ಪ್ರಾರ್ಥನೆಯೇ ಅಲ್ಲಮ್ಮ, ಬರೀ ಚಿಂತೆ” ಎಂದೆ.

“ಮಾಡು. ಯಾರು ಬೇಡ ಅಂದ್ರು? ಆತನ ಮುಂದೆ ಕೂತು ಮಾಡು. ಒಬ್ನೇ ಕೂತು ಮಾಡ್ಬೇಡ, ಅಷ್ಟೇ.” ಆಮೇಲೆ ದನಿ ತಗ್ಗಿಸಿ, “ನಂಗೂ ನಿನ್ ಗುಂಯ್ ಇಲ್ದೆ ಮನಸ್ಸಿಗೆ ಸಮಾಧಾನ ಇರಲ್ಲ ಕಣೋ. ಇಷ್ಟು ಜನಕ್ಕೆ ಬೇಯಿಸ್ತೀನಿ, ಬೆಳಿಗ್ಗೆ ನನ್ನೆಬ್ಬಿಸೋರು ಯಾರಿದಾರೆ?” ಎಂದರು.

ಉಪಾಯ ಹೇಳಿದವಳು ತಲೆಗೆ ಮೊಟಕಿದ ಹುಡುಗಿಯೇ. “ವೀಡಿಯೋ ಕಾಲ್ ಮಾಡ್ರಿ ಅಂಕಲ್. ಆಂಟಿ ಫೋನ್ ಎದುರಿಗೆ ನಿಲ್ಲಿಸ್ಕೊಂಡ್ರೆ ರಿಂಗ್ ಆದಾಗ ಲೈಟ್ ಬರತ್ತೆ, ಲಿಪ್ಸ್ ಕಾಣತ್ತೆ.” ಮುಂದಿನವರಿಗೆ ಸರದಿ ಒಪ್ಪಿಸಲು ಎಸ್ತರಮ್ಮನಿಗೆ ಕಿವಿ ಬೇಕಿಲ್ಲ, ಬಾಯಿ ಸಾಕು, ಅದಕ್ಕೆ ಬರವಿರಲಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಂಡರು. “ಅಯ್ಯನವರಿಗೆ ಹೇಳ್ಬಿಡು, ಎಸ್ತರಮ್ಮ ಇದಾಳೆ ಅಂತ. ಕಿವಿ ವಿಷಯನೂ ಹೇಳು, ಹೋಗ್ಲಿ.” ಒಲೆಯ ಪಕ್ಕದಲ್ಲೇ ನಿಂತು ಇಬ್ಬರೂ ಪ್ರಾರ್ಥಿಸಿದೆವು. ಹೆಂಡತಿ ಹೋದ ಮೇಲೆ ಇನ್ನೊಬ್ಬರ ಎದುರಿಗೆ ನಾನು ಬಾಯಿಬಿಟ್ಟು ಪ್ರಾರ್ಥಿಸಿದ್ದು ಅದೇ ಮೊದಲು. ಕೂಗಿಯೇ ಪ್ರಾರ್ಥಿಸಬೇಕಾಯಿತು. ಆಮೆನ್ ಎನ್ನುವಾಗ ಊಟದ ಮೇಜಿನಿಂದಲೂ ಒಂದೆರಡು ದನಿ ಸೇರಿದವು.

ಹೊರಡುವಾಗ, “ಮನೆ ಮುಟ್ಟಿದ್ಮೇಲೆ ಒಂದ್ಸಲ ಮುಖ ತೋರ್ಸು, ಇದು ಕೆಲಸ ಮಾಡತ್ತೋ ಇಲ್ವೋ ನೋಡಣ” ಎಂದರು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಯಜಮಾನರ ಹಸುವಿನ ಪಕ್ಕದಲ್ಲಿ ನಿಂತು ಆ ಪುಟ್ಟ ಹೆಂಗಸು ನಾನು ಕೊಟ್ಟ ಬೆಣ್ಣೆ ಬಿಸ್ಕತ್ತು ತಿನ್ನುತ್ತಾ ಕೈ ಬೀಸುತ್ತಿದ್ದರು.

ವಾಪಸಿನ ದಾರಿಯಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಕಂಬಗಳನ್ನು ನೋಡಲಿಲ್ಲ. ಪೀಣ್ಯ ದಾಟುವಾಗ ಬಿಸಿಲು ಇಳಿಯುತ್ತಿತ್ತು.

ಇಡೀ ಪ್ರಯಾಣದಲ್ಲಿ ತಪ್ಪಾದದ್ದು ಒಂದೇ. ಮನೆಗೆ ಬಂದು, ತಲೆ ಬಾಚಿ, ಇಸ್ತ್ರಿಯ ಅಂಗಿ ತೊಟ್ಟು, ಬೆಳಕು ಚೆನ್ನಾಗಿರುವ ಅಡುಗೆಮನೆಯಲ್ಲಿ ನಿಂತು ವೀಡಿಯೋ ಕರೆ ಮಾಡಿದೆ. ಎಸ್ತರಮ್ಮ ಕಾಣಿಸಿದರು. ನಾನು ನಗುತ್ತಾ, ತುಟಿ ಬಿಡಿಸಿ ಬಿಡಿಸಿ, ಸುಖವಾಗಿ ಬಂದು ಸೇರಿದೆನೆಂದು ಹೇಳಿದೆ. ಅವರು ನಗಲಿಲ್ಲ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಕ್ಯಾಮೆರಾ ಹಿಂದುಮುಂದಾಗಿ, ನನ್ನ ಮುಖದ ಬದಲು ಅವರಿಗೆ ವಾರದಿಂದ ತುಂಬಿ ಕೂತಿದ್ದ ನಮ್ಮ ಸಿಂಕು ಕಾಣುತ್ತಿತ್ತು.

“ಸ್ತೋತ್ರ ಕಣಪ್ಪ,” ಎಂದರು ಎಸ್ತರಮ್ಮ. “ಮುಖ ಆಮೇಲೆ ತೋರ್ಸು. ಮೊದ್ಲು ಆ ಪಾತ್ರೆ ತೊಳ್ಕೋ.”