ಎಡ ಜೇಬಿನ ಕರ್ಚೀಫು

ಇದನ್ನು ಹೇಳಬೇಕೆಂದು ಕೂತು, ಹೇಳದೆ ಎದ್ದು ಹೋದದ್ದು ಎಷ್ಟು ಸಲವೋ. ಕೂತಾಗಲೆಲ್ಲ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ಕರ್ಚೀಫು. ಬಿಳಿಯದು, ನಾಲ್ಕು ಮಡಿಕೆ ಮಾಡಿದ್ದು, ನಡುವೆ ಎಷ್ಟು ಒಗೆದರೂ ಹೋಗದ ಕಪ್ಪು ಕಲೆ. ನನ್ನ ಹೆಂಡತಿಯ ಅಣ್ಣ ಅದನ್ನು ಪ್ಯಾಂಟಿನ ಎಡ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಎಡ ಜೇಬಿನದು ಕಾರಿಗೆ, ಬಲ ಜೇಬಿನದು ಮುಖಕ್ಕೆ. ಒಮ್ಮೆ ದಿಲ್ಲಿಯ ಮುನಿರ್ಕಾದಲ್ಲಿ ನಮ್ಮ ಊರಿನವರ ಮನೆಯ ನಾಮಕರಣಕ್ಕೆ ಹೋದಾಗ ಜೇಬು ತಪ್ಪಿತು. ಮೂಗಿನಿಂದ ಕಿವಿಯವರೆಗೆ ಎಂಜಿನ್ ಎಣ್ಣೆ ಬಳಿದುಕೊಂಡು ಪಂಕ್ತಿಯಲ್ಲಿ ಕೂತು ಪಾಯಸ ಹಾಕಿಸಿಕೊಂಡರು. ಸುತ್ತ ಎಲ್ಲರೂ ನಗತೊಡಗಿದಾಗ, "ಮಗುವಿಗೆ ದೃಷ್ಟಿಬೊಟ್ಟು ಇಟ್ಟಿರಿ, ನನ್ನಂಥ ಚೆಲುವನಿಗೆ ಯಾರೂ ಇಡಲಿಲ್ಲ. ನಾನೇ ಇಟ್ಟುಕೊಂಡೆ" ಎಂದರು.

ದಿಲ್ಲಿಯದೇ ರೋಹಿಣಿ ಬಡಾವಣೆಯ ಮಾರ್ಕೆಟ್ಟಿನಲ್ಲಿ ಆಗ ನನ್ನದೊಂದು ಇಡ್ಲಿ-ದೋಸೆಯ ಹೋಟೆಲು ಇತ್ತು. ಹತ್ತನೇ ತರಗತಿ ಮುಗಿಸಿ ಕರಾವಳಿಯಿಂದ ದಿಲ್ಲಿಗೆ ಬಂದವನು, ತಟ್ಟೆ ತೊಳೆಯುವಲ್ಲಿಂದ ಶುರು ಮಾಡಿ ಅಲ್ಲಿಗೆ ಮುಟ್ಟಿದ್ದೆ. ಹೆಂಡತಿಯ ಅಣ್ಣ ಮುಂಬಯಿಯಲ್ಲಿದ್ದವರು. ತಮ್ಮ ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ತಂಗಿಯ ಮನೆಯೇ ಮನೆ ಎಂದು ನಮ್ಮಲ್ಲಿಗೆ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತರು. ನಮ್ಮ ಕಡೆ ಹೆಂಡತಿಯ ಅಣ್ಣನೂ ಭಾವ, ತಂಗಿಯ ಗಂಡನೂ ಭಾವ. ದಿನವಿಡೀ ಗಲ್ಲಾದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗಲ್ಲಾಕ್ಕೆ "ಭಾವ, ಹಾಲು ಬಂತಾ?" "ಬಂತು ಭಾವ" ಎಂಬ ಕೂಗು ನಡೆದೇ ಇರುತ್ತಿತ್ತು. ಕೇಳಿ ಕೇಳಿ ಗಿರಾಕಿಗಳೂ ನಮ್ಮಿಬ್ಬರನ್ನೂ 'ಭಾವಾಜೀ' ಎಂದೇ ಕರೆಯತೊಡಗಿದ್ದರು.

ಮೆಟ್ರೋ ರೋಹಿಣಿಗೆ ಬಂದ ಹೊಸತರಲ್ಲಿ ನಾನು ಕಾರು ಕೊಂಡೆ. ಡೀಸೆಲ್ ಕಾರು. ನನ್ನ ಬಾಳಿನ ಮೊದಲ ಹೊಸ ವಾಹನ. ಅದರ ಜೊತೆ ಬಂದ ದಪ್ಪ ಪುಸ್ತಕವನ್ನು ನಾನು ಬಿಚ್ಚಲೇ ಇಲ್ಲ. ಅವರು ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಕನ್ನಡಕ ಏರಿಸಿ, ಪಾರಾಯಣ ಮಾಡುವವರ ಹಾಗೆ ಬೆರಳಿಟ್ಟು ಓದುತ್ತಿದ್ದರು. ಸ್ವಂತಕ್ಕೆ ಒಂದು ಸ್ಕೂಟರನ್ನೂ ಇಟ್ಟುಕೊಂಡವರಲ್ಲ. ಆದರೆ ವಾಹನದ ಮಾತು ಬಂದರೆ ಎದುರಿದ್ದವರು ಬಾಯಿ ತೆರೆಯುವ ಹಾಗಿರಲಿಲ್ಲ. ಟಯರಿನ ಗಾಳಿಯ ವಿಷಯದಲ್ಲಿ ಹೀಗೆ ಜಂಬ ಕೊಚ್ಚಿ ಎರಡು ಸಲ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿದ್ದೂ ಉಂಟು.

ಉಚಿತ ಸರ್ವೀಸುಗಳು ಮುಗಿದ ಮೇಲೆ ಎಂಜಿನ್ ಎಣ್ಣೆ ತರಲು ಇಬ್ಬರೂ ಹೋದೆವು. ಅಂಗಡಿಯವನು ನಾಲ್ಕು ಡಬ್ಬ ಮುಂದಿಟ್ಟ. ನಾನು ಎಲ್ಲಕ್ಕಿಂತ ದಪ್ಪ ಎಣ್ಣೆ ಯಾವುದೆಂದು ಕೇಳಿ ಅದನ್ನೇ ಎತ್ತಿಕೊಂಡೆ.

"ಅದನ್ನು ಕೆಳಗಿಡಿ ಭಾವ," ಎಂದರು. "ದಪ್ಪ ಇದ್ದಷ್ಟೂ ಗಿರಾಕಿ ಮೆಚ್ಚುವುದಕ್ಕೆ ಇದು ಸಾಂಬಾರಲ್ಲ ಮಾರಾಯ್ರೆ. ಜನವರಿಯ ಚಳಿಯಲ್ಲಿ ಬೆಳಿಗ್ಗೆ ಕಾರು ಎಬ್ಬಿಸುವಾಗ ಎಣ್ಣೆ ತಟ್ಟನೆ ಮೇಲಕ್ಕೆ ಹರಿಯಬೇಕು. ಪುಸ್ತಕದಲ್ಲಿ ಯಾವ ನಂಬರು ಹೇಳಿದೆಯೋ ಅದೇ ಬೇಕು."

ಅಂಗಡಿಯವನು, "ಭಾಯಿ ಸಾಹಬ್, ಯೇ ಇಂಪೋರ್ಟೆಡ್ ಹೈ" ಎಂದು ಬಂಗಾರದ ಬಣ್ಣದ ಇನ್ನೊಂದು ಡಬ್ಬ ತೋರಿಸಿದ. "ಭಯ್ಯಾ, ಗಾಡಿ ತೋ ದೇಸೀ ಹೈ" ಎಂದು ಅದನ್ನೂ ಹಿಂದಕ್ಕೆ ತಳ್ಳಿದರು.

ಯಾವಾಗ ಬದಲಿಸಬೇಕು ಎಂಬುದರಲ್ಲಿ ಮಾತ್ರ ಪುಸ್ತಕ ಹೇಳಿದ ಅರ್ಧ ದೂರಕ್ಕೇ ಬದಲಿಸಬೇಕೆಂದು ಅವರ ಹಟ. "ಕಿಲೋಮೀಟರ್ ಮಾತ್ರ ನೋಡಿದರೆ ಆಗುವುದಿಲ್ಲ. ರಿಂಗ್ ರೋಡಿನ ಜಾಮಿನಲ್ಲಿ ಕಾರು ನಿಂತಿರುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ಮೇಲಿಂದ ಈ ಊರಿನ ಧೂಳು. ಪುಸ್ತಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿದೆ, ಇಂಥ ಕಡೆ ಬೇಗ ಬದಲಿಸಿ ಅಂತ." ನಾನು ಒಪ್ಪಿದೆ. ಪ್ರತಿ ಸಲ ಮೆಕ್ಯಾನಿಕ್ಕಿನ ಹತ್ತಿರ ಅವರೇ ಕಾರು ಒಯ್ದು ಬದಲಿಸಿ ತರುತ್ತಿದ್ದರು.

ನನ್ನ ಸೊಕ್ಕೂ ಎಣ್ಣೆಯದೇ. ದಿಲ್ಲಿಯಲ್ಲಿ ನನಗೆ ಹೆಸರು ತಂದದ್ದು ವಡೆ. ಬೋಂಡ-ವಡೆ ಕರಿಯುವ ಬಾಣಲೆಯಿಂದ ಒಂದು ಸೌಟು ಎಣ್ಣೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ನನ್ನ ದಿನದ ಕ್ರಮ. ಕಪ್ಪಿಗೆ ತಿರುಗಿತೋ, ಚೆಲ್ಲಿಸಿಬಿಡುತ್ತಿದ್ದೆ. ಕಪ್ಪಾದ ಎಣ್ಣೆ ಎಂದರೆ ಹಳೇ ಎಣ್ಣೆ, ಹಳೇ ಎಣ್ಣೆ ಇಟ್ಟುಕೊಂಡವನು ಗಿರಾಕಿಗೆ ಮೋಸ ಮಾಡುವವನು. ಇದರ ಮೇಲೆಯೇ ನಾನು ಹೋಟೆಲು ನಡೆಸಿದ್ದೆ.

ಒಂದು ದಿನ ಹೋಟೆಲಿನ ಎದುರು ನಿಲ್ಲಿಸಿದ್ದ ಕಾರಿನ ಬಾನೆಟ್ ಎತ್ತಿದೆ. ಎಣ್ಣೆ ನೋಡುವ ಕಡ್ಡಿ ಎಳೆದು ಬೆಳಕಿಗೆ ಹಿಡಿದೆ. ಡಾಂಬರಿನ ಹಾಗೆ ಕಪ್ಪು. ಹಿಂದಿನ ವಾರವಷ್ಟೇ ಅವರು ಎಣ್ಣೆ ಬದಲಿಸಿ ತಂದಿದ್ದರು. ಹೊಸ ಎಣ್ಣೆಯ ಡಬ್ಬ ಮಾರಿಕೊಂಡು ಹಳೆಯದನ್ನೇ ಬಿಡುವವರ ಕಥೆ ಕಾರಿಟ್ಟವರೆಲ್ಲರ ಬಾಯಲ್ಲೂ ಇತ್ತು. ಇಷ್ಟು ಬೇಗ ಬೇಗ ಬದಲಿಸಬೇಕೆಂಬ ಹಟ ಯಾಕೆಂದು ಈಗ ತಿಳಿಯಿತು ಅಂದುಕೊಂಡೆ. ಮನೆಗೆ ಹೋಗಿ ಕೇಳಬಹುದಿತ್ತು. ನಾನು ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಟೆಲಿಗೆ ನುಗ್ಗಿದೆ. ಭಾನುವಾರದ ಬೆಳಿಗ್ಗೆ, ಮೇಜುಗಳೆಲ್ಲ ತುಂಬಿದ್ದವು.

"ಏನು ಸ್ವಾಮೀ, ಹೊಸ ಎಣ್ಣೆ ಎಲ್ಲಿಗೆ ಹೋಯಿತು? ಯಾರಿಗೆ ಮಾರಿದಿರಿ?"

ಅವರು ಮೊದಲು ತಮಾಷೆ ಎಂದುಕೊಂಡು ನಕ್ಕರು. "ಸ್ವಾಮಿ ಯಾರು? ನಾನು ನಿಮ್ಮ ಭಾವ." ನನ್ನ ಮುಖ ನೋಡಿ ನಗು ನಿಲ್ಲಿಸಿ, "ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಎರಡೇ ದಿನಕ್ಕೆ ಕಪ್ಪಾಗುತ್ತದೆ. ಒಳಗಿನ ಮಸಿ ಹೀರಿಕೊಳ್ಳುವುದೇ ಅದರ ಕೆಲಸ. ಕಪ್ಪಾದರೆ ಕೆಲಸ ಮಾಡುತ್ತಿದೆ ಅಂತ ಅರ್ಥ" ಎಂದರು.

"ಮೂವತ್ತು ವರ್ಷ ಎಣ್ಣೆಯ ಮುಂದೆ ನಿಂತವನಿಗೆ ಪಾಠ ಹೇಳಬೇಡಿ," ಎಂದೆ. "ಹಳೇ ಎಣ್ಣೆ ಯಾವುದು, ಕಳ್ಳತನ ಯಾವುದು ಅಂತ ನನಗೆ ಗೊತ್ತು."

ಕನ್ನಡ ಬಾರದ ಗಿರಾಕಿಗಳಿಗೂ ಅದು ಅರ್ಥವಾಯಿತು. ಯಾರೋ "ಕ್ಯಾ ಹುವಾ ಭಾವಾಜೀ?" ಎಂದರು. ಗಲ್ಲಾದಲ್ಲಿ ಕೂತಿದ್ದ ಅವರು ಎದುರಿಗೆ ನಿಂತಿದ್ದವನಿಗೆ ಚಿಲ್ಲರೆ ಕೊಟ್ಟು ಕಳಿಸಿ, ಗಲ್ಲಾಕ್ಕೆ ಬೀಗ ಹಾಕಿ, ಬೀಗದಕೈಯನ್ನು ನನ್ನ ಮುಂದಿಟ್ಟರು. ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಎಡ ಜೇಬಿನ ಕರ್ಚೀಫಿನಿಂದ ಒರೆಸಿ, "ನೆಲಕ್ಕೆ ಹನಿ ಬೀಳುತ್ತಿದೆ" ಎಂದಷ್ಟೇ ಹೇಳಿ ಹೋದರು. ಕಡ್ಡಿಯನ್ನು ಕಾರಿಗೆ ವಾಪಸು ಸಿಕ್ಕಿಸಿ ಬಾನೆಟ್ ಮುಚ್ಚಿದ ಸದ್ದು ಕೇಳಿತು. ಆ ವಾರವೇ ಗ್ರೇಟರ್ ನೋಯ್ಡಾದ ಕಾಲೇಜೊಂದರ ಕ್ಯಾಂಟೀನಿನ ಉಸ್ತುವಾರಿಗೆ ಸೇರಿಕೊಂಡು, ಅಲ್ಲೇ ಒಂದು ಕೋಣೆ ಮಾಡಿದರು. ನನ್ನ ಹೆಂಡತಿ ಅಳುತ್ತಾ ಚೀಲ ತುಂಬಿಸಿಕೊಟ್ಟಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಮುಂದಿನ ಸಲ ಎಣ್ಣೆ ಬದಲಿಸಲು ನಾನೇ ಹೋದೆ. ಮೆಕ್ಯಾನಿಕ್ಕಿನ ಪಕ್ಕದಲ್ಲೇ ನಿಂತೆ. ಹಳೆಯದು ಪೂರ್ತಿ ಇಳಿದದ್ದನ್ನು ನೋಡಿದೆ, ಹೊಸ ಡಬ್ಬದ ಸೀಲನ್ನು ನನ್ನ ಕೈಯಿಂದಲೇ ಕಿತ್ತೆ. ಜೇನಿನ ಬಣ್ಣದ ಎಣ್ಣೆ ಒಳಗೆ ಹೋಯಿತು. ವಾರ ಕಳೆದು ಕಡ್ಡಿ ಎಳೆದರೆ ಅದೇ ಡಾಂಬರು. ಬಾನೆಟ್ಟಿನ ಕೆಳಗೆ ಬಗ್ಗಿದವನಿಗೆ ತಲೆ ಎತ್ತಲು ಧೈರ್ಯವಾಗಲಿಲ್ಲ.

ಆವತ್ತೇ ಫೋನು ಮಾಡಬಹುದಿತ್ತು. ಮಾಡಿದೆ ಕೂಡ. "ಊಟ ಆಯಿತಾ?" ಎಂದು ಕೇಳಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ.

ದೀಪಾವಳಿಯ ಮುಂಚೆ ಅವಳು, "ಅಣ್ಣನನ್ನು ಹಬ್ಬಕ್ಕೆ ಕರೆಯೋಣ. ನೀವು ಬಾಯಿಬಿಟ್ಟು ಒಂದು ಮಾತು ಹೇಳಿದರೆ ಬರುತ್ತಾನೆ" ಎಂದಳು. ಇಬ್ಬರೂ ಹೋದೆವು. ಅವಳು ಚಕ್ಕುಲಿಯ ಡಬ್ಬ ಹಿಡಿದು ಮೇಲೆ ಕೋಣೆಗೆ ಹೋದಳು. ನಾನು ಗೇಟಿನ ಹತ್ತಿರ ಕಾರಿನಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಅವರೊಬ್ಬರೇ ಇಳಿದು ಬಂದರು. ತೂಕ ಇಳಿದಿದ್ದರು, ಶರಟು ದೊಗಳೆಯಾಗಿತ್ತು.

"ಭಾವ, ಬಾನೆಟ್ ತೆಗೆಯಿರಿ, ನೋಡುವಾ" ಎಂದರು.

ತೆಗೆದೆ. ಕಡ್ಡಿ ಎಳೆದರು, ಎಡ ಜೇಬಿನ ಕರ್ಚೀಫಿನಿಂದ ಒರೆಸಿದರು, ಮತ್ತೆ ಅದ್ದಿ ತೆಗೆದರು. ಕಪ್ಪು ಎಣ್ಣೆ ಮೆತ್ತಿದ ತುದಿಯನ್ನು ನನ್ನ ಮುಂದೆ ಹಿಡಿದರು. "ಯಾವಾಗ ಬದಲಿಸಿದ್ದು?"

"ಹೋದ ತಿಂಗಳು. ನಾನೇ ನಿಂತು."

"ಹೂಂ," ಎಂದರು. ಕಡ್ಡಿಯನ್ನು ಹಿಂದೆ ತೆಗೆಯಲಿಲ್ಲ. ಅವರಿಗೆ ಎಲ್ಲ ತಿಳಿದಿತ್ತು, ನನಗೂ ತಿಳಿದಿದೆ ಎಂದೂ ತಿಳಿದಿತ್ತು. ಹೇಳಲು ಇದಕ್ಕಿಂತ ಸುಲಭದ ಜಾಗವನ್ನು ಯಾರೂ ಯಾರಿಗೂ ಮಾಡಿಕೊಡಲಾರರು. ನಾನು ಗಡಿಯಾರ ನೋಡಿಕೊಂಡು, "ಚಲೋ, ಹೊರಡಬೇಕು. ಜಾಮ್ ಶುರುವಾಗುತ್ತದೆ" ಎಂದೆ.

ಅವರು ಕಡ್ಡಿಯನ್ನು ಜಾಗಕ್ಕೆ ಸೇರಿಸಿ, ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, "ಎಣ್ಣೆ ಚೆನ್ನಾಗಿದೆ" ಎಂದರು.

ಹಿಂದಿರುಗುವಾಗ ಹೆಂಡತಿ ಕೇಳಿದಳು, "ಅಣ್ಣನ ಹತ್ತಿರ ಹೇಳಿದಿರಾ?"

"ಹೇಳಿದೆ," ಎಂದೆ.

"ಏನೆಂದ?"

"ನಕ್ಕುಬಿಟ್ಟರು."

ಹಬ್ಬಕ್ಕೆ ಅವರು ಬರಲಿಲ್ಲ. ಕ್ಯಾಂಟೀನಿಗೆ ರಜೆ ಇಲ್ಲವೆಂದು ತಂಗಿಗೆ ಹೇಳಿದರಂತೆ. ಚಳಿಗಾಲ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಲ್ಲೇ ಅವರ ಎದೆಬಡಿತ ನಿಂತಿತು. ಮಂಜಿನಲ್ಲಿ ಅದೇ ಕಾರು ಓಡಿಸಿಕೊಂಡು ಹೋದೆವು. ಕಾರು ಒಂದೇ ಸಲಕ್ಕೆ ಎದ್ದಿತ್ತು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಹೇಳಿದಳು, "ಸದ್ಯ, ನೀವು ಹೇಳಿದ್ದಿರಲ್ಲ. ಅಣ್ಣ ಮನಸ್ಸು ಹಗುರ ಮಾಡಿಕೊಂಡು ಹೋದ." ನಾನು ಮುಂದಿನ ಮಂಜನ್ನೇ ನೋಡುತ್ತಿದ್ದೆ.

ಹೋಟೆಲು ಬೇರೆಯವರದ್ದಾಗಿದೆ, ಕಾರೂ ಹೋಯಿತು. ಆ ಕರ್ಚೀಫು ಹೆಂಡತಿಯ ಕಪಾಟಿನಲ್ಲಿದೆ. ಅವರ ತಿಥಿಯ ದಿನ ಪ್ರತಿ ವರ್ಷವೂ ಅವಳು ಆ ಮಾತನ್ನು ಹೇಳುತ್ತಾಳೆ, ನಾನು ತಲೆಯಾಡಿಸುತ್ತೇನೆ. ಇಷ್ಟು ಕಾಲ ಇದನ್ನು ಬರೆಯದೇ ಇದ್ದದ್ದು ಅದಕ್ಕೇ. ಅವಳ ಆ ನೆಮ್ಮದಿ ನನ್ನ ಸುಳ್ಳಿನ ಮೇಲೆ ನಿಂತಿದೆ. ಇದನ್ನು ಮುಗಿಸಿ ಮೊದಲು ಅವಳ ಕೈಗೇ ಕೊಡುತ್ತೇನೆ. ಅವಳು ಏನೆನ್ನುತ್ತಾಳೋ ಗೊತ್ತಿಲ್ಲ. ಗೇಟಿನ ಹತ್ತಿರ ಅವರು ನಕ್ಕಿರಲಿಲ್ಲ, ಕಾದಿದ್ದರು. ಆ ಭಾನುವಾರದ ನಂತರ ಅವರನ್ನು ಕರೆಯಬೇಕಾದ ಹಾಗೆ ಕರೆಯಲು ನನ್ನ ನಾಲಿಗೆ ಏಳಲೇ ಇಲ್ಲ. ಅವರು ಮಾತ್ರ ಕೊನೆಯವರೆಗೂ ನನ್ನನ್ನು ಹಾಗೆಯೇ ಕರೆದರು.

ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಎಣ್ಣೆ ಹೊಸದೇ ಇತ್ತು. ತಪ್ಪು ನನ್ನದು. ಮನೆಗೆ ಬನ್ನಿ, ಭಾವ.