ಮೂರನೇ ಪಟ್ಟಿಯ ಬಿಲ್ಲೆಗಳು

ಶಿಡ್ಲಘಟ್ಟದ ಬಸ್ಸಿನಲ್ಲಿ ಯಾರಾದರೂ ನನ್ನ ಮಾದರಿಯ ಮೇಲೆ ಟೊಮೆಟೊ ಕ್ರೇಟು ಇಡಬಹುದಿತ್ತು. ಹಂಪು ಬಂದಾಗ ಅದರ ಬೆನ್ನು ಬಿರಿಯಬಹುದಿತ್ತು. ಚಿಕ್ಕಬಳ್ಳಾಪುರದಲ್ಲಿ ಇಳಿಯುವಾಗ ನಾನೇ ಎಡವಿ ಅದರ ಮೇಲೆ ಬೀಳಬಹುದಿತ್ತು. ಬಿದ್ದರೆ ಪ್ರಿನ್ಸಿಪಾಲರಿಗೆ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ. ಕಾಲೇಜಿನ ವಸ್ತುಪ್ರದರ್ಶನಕ್ಕೆ ಬೆಂಗಳೂರಿನಿಂದ ಬರಬೇಕಿದ್ದ ಪಳೆಯುಳಿಕೆ ತಜ್ಞರಿಗೆ ಜ್ವರ ಬರಬಹುದಿತ್ತು. ಅವರಿಗೆ ಬರದಿದ್ದರೆ ನನಗೆ.

ಒಂದೂ ಆಗಲಿಲ್ಲ.

ಅದು ಲಕ್ಷಾಂತರ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿದ್ದ ಒಂದು ಆರ್ಮಡಿಲ್ಲೊದ ಮಾದರಿ. ಚರ್ಮದೊಳಗೇ ಬೆಳೆದ ಮೂಳೆಬಿಲ್ಲೆಗಳೇ ಆ ಪ್ರಾಣಿಯ ಕವಚ. ಭುಜ, ಸೊಂಟಗಳ ಮೇಲೆ ಅವು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ನಡುಬೆನ್ನಿನ ಪಟ್ಟಿಗಳು ಮಾತ್ರ ಹೆಂಚಿನಂತೆ ಒಂದರಡಿ ಒಂದು ಜಾರುತ್ತ ಪ್ರಾಣಿಗೆ ಬಗ್ಗಲು ಬಿಡುತ್ತವೆ. ರೇಷ್ಮೆಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಯ ಬಿದಿರು ಬಗ್ಗಿಸಿ, ಪ್ಲಾಸ್ಟರಿನ ಬಿಲ್ಲೆಗಳನ್ನು ಒಂದೊಂದಾಗಿ ಅಂಟಿಸಿ ಎರಡು ತಿಂಗಳಲ್ಲಿ ಮಾಡಿದ್ದೆ.

"ಸೂರು ಸೋರ್ತಿದೆ ಅಂದ್ರೆ ಕಿವಿಗೇ ಬೀಳಲ್ಲ, ಇದಕ್ಕೆ ಹೆಂಚು ಹೊದಿಸ್ತಾ ಕೂತಿದ್ದೀರ" ಎಂದಿದ್ದಳು ಹೆಂಡತಿ.

ನಿಜವಾದ ಪಳೆಯುಳಿಕೆಗಳೊಡನೆ ಹತ್ತು ದಿನ ಕೆಲಸ ಮಾಡಲು ತಜ್ಞರು ನಮ್ಮ ವಿಭಾಗದಿಂದ ಒಬ್ಬರನ್ನು ಕರೆದೊಯ್ಯುವವರಿದ್ದರು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಪಳೆಯುಳಿಕೆ ಬರೆದವನು ನಾನು; ಒಂದನ್ನೂ ಕೈಯಲ್ಲಿ ಹಿಡಿದವನಲ್ಲ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ತಪ್ಪು ಕಣ್ಣಿಗೆ ಬಿತ್ತು. ಬಿಲ್ಲೆಯ ನುಣುಪಾದ ಮುಂಭಾಗ ತನ್ನ ಮುಂದಿನ ಪಟ್ಟಿಯ ಅಡಿ ಸೇರಿ, ಚಿತ್ತಾರವಿರುವ ಹಿಂಭಾಗವಷ್ಟೇ ಹೊರಗೆ ಕಾಣಬೇಕು. ಮೂರನೇ ಪಟ್ಟಿಯನ್ನು ನಾನು ಉಲ್ಟಾ ಕೂರಿಸಿದ್ದೆ. ನಮ್ಮ ವಿಭಾಗದಲ್ಲಿ ನನ್ನೊಡನೆ ಹನ್ನೊಂದು ವರ್ಷದಿಂದ ಊಟದ ಡಬ್ಬಿ ಹಂಚಿಕೊಳ್ಳುತ್ತಿದ್ದವರು ಚಿಂತಾಮಣಿಯ ಗೆಳೆಯರೊಬ್ಬರು. ಅವರನ್ನು ಮನೆಗೆ ಕರೆಸಿ ತೋರಿಸಿದೆ. ಕಿತ್ತುಬಿಡಲೇ ಎಂದು ಕೇಳಿದೆ.

"ಏಮೀ ಕಾದು ಸಾರ್, ಏನೂ ಆಗಲ್ಲ," ಎಂದರು ಅವರು. "ಕೀಳಕ್ಕೆ ಹೋಗಿ ಇಡೀ ಬೆನ್ನೇ ಮುರೀತೀರ. ಯಾರ್ ನೋಡ್ತಾರೆ? ಬಿಡಿ."

ಬಿಟ್ಟೆ. ಮನಸ್ಸು ಹಗುರವಾಯಿತು, ನನ್ನ ಮಟ್ಟಿಗೆ ಅದೇ ಅಪರೂಪ.

ಪ್ರದರ್ಶನದಲ್ಲಿ ತಜ್ಞರು ಮಾದರಿಯ ಸುತ್ತ ಎರಡು ಸುತ್ತು ಬಂದರು. "ತುಂಬ ತಾಳ್ಮೆ ಕಣ್ರೀ ನಿಮಗೆ" ಎಂದರು. ನಾನು ನಾಚಿಕೊಳ್ಳುತ್ತಿರುವಾಗಲೇ ನನ್ನ ಗೆಳೆಯರು ಬಗ್ಗಿ ಮೂರನೇ ಪಟ್ಟಿಯ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡಿ ಸಾರ್, ನುಣುಪು ಭಾಗ ಹೊರಗೆ ಬಂದಿದೆ. ಕಿತ್ತು ಸರಿಮಾಡಿ ಅಂತ ನಿನ್ನೇನೇ ಬಡ್ಕೊಂಡೆ. ಇವರು ಕೇಳ್ಲೇ ಇಲ್ಲ."

ತಜ್ಞರು ಕನ್ನಡಕ ಏರಿಸಿ ನೋಡಿದರು. "ಭಲೆ ಕಣ್ಣು ರೀ ನಿಮ್ದು," ಎಂದು ಗೆಳೆಯರ ನಂಬರು ಬರೆದುಕೊಳ್ಳಲು ಜೇಬು ತಡಕಿದರು.

ಪೆನ್ನು ಕೊಟ್ಟವನು ನಾನೇ.