ಅವ್ವನ ಕೊಡ, ಅಣ್ಣನ ಡ್ರಮ್ಮು

ಮೀನು ಹಿಡಿಯೋ ತೆಪ್ಪದಾಗ ಜೀವಂತ ಮೀನು ಇಡಾಕ ಎಷ್ಟ ದೊಡ್ಡ ಡ್ರಮ್ಮು ಬೇಕು? ಈ ಮಾತು ನಮ್ಮ ಮನ್ಯಾಗ ತೆಗೀಬ್ಯಾಡ್ರಿ. ನಾ ನಗಾಕ ಸುರು ಮಾಡಿದ್ರ ನಿಲ್ಲಸೂದು ಕಷ್ಟ.

ದುಂಡಸಿ ಹತ್ರ ನಮ್ಮೂರ ಕೆರ್ಯಾಗ ಅಣ್ಣ ಬಲಿ ಹಾಕ್ತಾನ, ಅವ್ವ ಶಿಗ್ಗಾಂವಿ ಸಂತ್ಯಾಗ ಮೀನು ಮಾರ್ತಾಳ. ಒಂದ ಸಂತಿ ದಿನ ಕಣ್ಣಿಗೆ ಚಾಳೀಸು ಹಾಕ್ಕೊಂಡ ಗಿರಾಕಿ ಒಬ್ಬಾಂವ ಅವ್ವನ ಬುಟ್ಟಿ ನೋಡಿ, ಹತ್ತು ಮಂದಿ ಮುಂದ, "ಏನಬೇ, ಇವು ಹೋದ ಸಂತ್ಯಾಗ ಸತ್ತಾವೇನ?" ಅಂದ. ಎಲ್ಲಾರೂ ಹೋ ಅಂತ ನಕ್ರು. ಅವತ್ತಿನಿಂದ ಅವ್ವಗ ಅರ್ಧ ರೊಟ್ಟಿನೂ ಇಳೀಲಿಲ್ಲ. "ಮುಂದಿನ ಸಂತ್ಯಾಗ ಅವನ ಕಣ್ಮುಂದ ಜಿಗಿಯೋ ಮೀನು ಇಡಲಿಲ್ಲಂದ್ರ ನಾ ಬುಟ್ಟಿನ ಹೊರೂದಿಲ್ಲ" ಅಂದ್ಲು.

ಅಣ್ಣ ಎಲ್ಲಿಂದಲೋ ಎದಿಮಟ್ಟದ ನೀಲಿ ಡ್ರಮ್ಮು ತಂದ. "ಮೀನು ಆರಾಮ ತಿರಗ್ಯಾಡಬೇಕವ್ವಾ."

"ಮೀನಿನ ಮದವಿ ಮಾಡ್ತೀಯೇನಲೇ? ನನ್ನ ಕೊಡ ಸಾಕು."

ನಾ ಡ್ರಮ್ಮಿನ ಕಡೆ ನಿಂತೆ. ಸಂತಿ ದಿನ ನಸುಕಿನ್ಯಾಗ ಅವ್ವ ಸಿಟ್ಟಿಲೆ ತನ್ನ ಕೊಡ ಬಗಲಾಗ ಹಿಡಕೊಂಡ ತೆಪ್ಪ ಹತ್ತಿದ್ಲು.

ಬೆಳಕ ಹರಿಯೂದ್ರಾಗ ಬಲಿ ಎಳದ್ವಿ. ಅಬ್ಬಬ್ಬಾ, ಏನ ಮೀನ್ರಿ! ಮೊದಲ ಸಿಕ್ಕ ಮೀನು ಕೆರಿ ತಾಯಿ ಗಂಗವ್ವನ ಹೆಸರಿಲೆ ತಿರುಗಿ ನೀರಿಗೆ ಬಿಡೂದು ನಮ್ಮ ಪದ್ಧತಿ. ಡ್ರಮ್ಮಿನ ಖುಷ್ಯಾಗ ಮೂವರಿಗೂ ಅದು ಮರತ ಹೋತು. ಡ್ರಮ್ಮಿನ ತುಂಬ ನೀರು, ನೀರಿನ ತುಂಬ ಮೀನು. ತೆಪ್ಪದ ಅಂಚು ನೀರಿಂದ ನಾಕ ಬೆರಳು ಮ್ಯಾಲಿತ್ತು ಅಷ್ಟ. ದಂಡಿ ಹತ್ರ ಬರೂದ್ರಾಗ ಒಳಗ ಏನೋ ಬುಳಕ್ ಅಂತು. ಏನಂತ ನೋಡಾಕ ಮೂವರೂ ಒಂದ ಕಡಿಗೆ ಬಗ್ಗಿದ್ವಿ.

ದಬಾರ್!

ನೀರು ನಡಮಟ್ಟ ಇತ್ತು, ಬದುಕಿದ್ವಿ. ಮೀನೆಲ್ಲಾ ತಮ್ಮ ಮನಿಗೆ ಹೋದ್ವು. ಅಣ್ಣ ಡ್ರಮ್ಮು ತಬ್ಕೊಂಡ ನಿಂತಿದ್ದ, ನಾ ನಕ್ಕ ನಕ್ಕ ಮತ್ತ ಬಿದ್ದೆ. ಅವ್ವ ಮಾತ್ರ ಕೆಸರಾಗ ಸೆರಗು ಒತ್ತಿ ಹಿಡಿದು, "ಸಿಕ್ತಲೇ!" ಅಂತ ಚೀರಿದ್ಲು. ಒಂದು ಕೊರವ ಮೀನು, ಮೊಳದುದ್ದ.

ತೇಲತಿದ್ದ ಕೊಡಕ್ಕ ನೀರು ತುಂಬಿ, ಅದನ್ನ ಒಳಗ ಬಿಟ್ಟು, ಬಾಯಿಗೆ ಬಟ್ಟಿ ಕಟ್ಟಿ, ಸೀರಿ ಬದಲಿಸಿ, ಬಸ್ ಹತ್ತಿದ್ವಿ. ದಾರಿಯುದ್ದಕ್ಕೂ ದಬ್ ದಬ್. ಕಂಡಕ್ಟರ್, "ಏನೈತಿಬೇ ಕೊಡದಾಗ?" ಅಂದ.

"ನನ್ನ ಮರ್ಯಾದಿ ಐತ್ರಿ" ಅಂದ್ಲು ಅವ್ವ.

ಸಂತ್ಯಾಗ ಆ ಚಾಳೀಸಿನಾಂವ ಬಂದ. ಅವ್ವ ಬಟ್ಟಿ ಬಿಚ್ಚಿದ್ಲು. ಕೊರವ ಮೀನು ಒಮ್ಮೆ ಜಿಗದು ಅವನ ಚಾಳೀಸು, ಮೀಸಿ, ಅಂಗಿ ಎಲ್ಲಾ ತೊಯ್ಸಿ ಮತ್ತ ಕೊಡಕ್ಕ ಬಿತ್ತು. ಈ ಸಲ ಮಂದಿ ನಕ್ಕಿದ್ದು ಅವನ್ನ ನೋಡಿ. ಪಾಪ, ಅವನೂ ನಕ್ಕ. "ಸೋತೆನಬೇ. ಕೊಡು, ರೇಟು ನೀನ ಹೇಳು."

"ಇದು ಮಾರೂದಲ್ಲರಿ. ಮುಂಜಾನೆ ಗಂಗವ್ವನ್ನ ಮರತಿದ್ವಿ. ಇದು ಆಕಿದು."

ಹೊತ್ತು ಮುಳುಗೂದ್ರಾಗ ಕೆರಿ ದಂಡ್ಯಾಗ ಅವ್ವ ಕೊಡ ಬಗ್ಗಿಸಿದ್ಲು. ಅಣ್ಣ ತಲಿ ಹಿಡಕೊಂಡ: "ಯವ್ವಾ, ಒಂದ ಮೀನೂ ಮಾರಲಿಲ್ಲಲ್ಲ!"

"ಮಾರಾಕ ಯಾರ ಹೋಗಿದ್ರಲೇ?" ಅಂದ್ಲು.

ಮನಿಗೆ ಬಂದು ನಾಕು ರೊಟ್ಟಿ ಉಂಡ್ಲು.